ಪುಟ್ಟ ಕಂಪ್ಯೂಟರ್ ಬರಲಿದೆ ಅಂದಾಗ: 'ಆಮೇಲೆ ಸೇರಿಸ್ಕೋಬಹುದು' ಅನ್ನೋ ಮಾತಿಗೆ ಬೆಲೆ ಎಷ್ಟು?

ಹೊಸ ಪುಟ್ಟ ಕಂಪ್ಯೂಟರ್ ಮಾರುಕಟ್ಟೆಗೆ ಬರುವ ಮುನ್ನ ಎರಡು ಮಾತು ತಪ್ಪದೇ ಕೇಳಿಬರುತ್ತವೆ. ಒಂದು, ಇದರ ಬೆಲೆ ಕಡಿಮೆ, ಹಿಡಿಯುವ ಜಾಗವೂ ಕಡಿಮೆ. ಇನ್ನೊಂದು, ಈಗ ಇಷ್ಟು ಸಾಕು, ಬೇಕಾದ್ದನ್ನು ಆಮೇಲೆ ಸೇರಿಸಿಕೊಳ್ಳಬಹುದು. ಮೊದಲ ಮಾತು ನಿಜವೋ ಸುಳ್ಳೋ ಎಂದು ಅಂಗಡಿಯಲ್ಲೇ ನೋಡಬಹುದು. ಬೆಲೆಯ ಚೀಟಿ ಇರುತ್ತದೆ, ಪೆಟ್ಟಿಗೆ ಕಣ್ಣೆದುರೇ ಇರುತ್ತದೆ. ಎರಡನೆಯ ಮಾತು ಹಾಗಲ್ಲ. ಅದು ನಾಳೆಗೆ ಕೊಟ್ಟ ಮಾತು. ಆ ಮಾತು ಉಳಿಯಿತೋ ಇಲ್ಲವೋ ಎಂದು ಗೊತ್ತಾಗುವ ಹೊತ್ತಿಗೆ ದುಡ್ಡು ಕೈಬಿಟ್ಟಿರುತ್ತದೆ.

ವರ್ಷಕ್ಕೊಂದು ಫೋನ್ ಬದಲಿಸುವವರಿಗೆ ಇದು ದೊಡ್ಡ ವಿಷಯವಲ್ಲ. ಆದರೆ ಮಗಳ ಎಂಜಿನಿಯರಿಂಗ್ ಓದಿಗೆಂದು ನಾಲ್ಕು ವರ್ಷಕ್ಕೊಮ್ಮೆ ಕಂಪ್ಯೂಟರ್ ಕೊಳ್ಳುವ ಮನೆಗೆ, ಒಂದೇ ಅನುದಾನದಲ್ಲಿ ಇಡೀ ಲ್ಯಾಬ್ ತುಂಬಬೇಕಾದ ಸರ್ಕಾರಿ ಶಾಲೆಗೆ ಈ ಎರಡನೆಯ ಮಾತೇ ಮುಖ್ಯ. ಹೊಸ ಯಂತ್ರಕ್ಕಾಗಿ ಕಾಯುತ್ತಿರುವವರು ಅದನ್ನು ಹೇಗೆ ತೂಗಬೇಕು? ಇದಕ್ಕೆ ಉತ್ತರ ಹುಡುಕಲು ನಲವತ್ತು ವರ್ಷ ಹಿಂದಿನ ಒಂದು ಪ್ರಕರಣ ಚೆನ್ನಾಗಿ ಒದಗುತ್ತದೆ. ಐಬಿಎಂನ ಪಿಸಿ ಜೂನಿಯರ್ ಕಥೆ ಅದು.

ಮುಚ್ಚಳದೊಳಗಿನ ಐದು ಸ್ಲಾಟ್

ಜೂನಿಯರ್‌ಗಾಗಿ ಜನ ಯಾಕೆ ಅಷ್ಟು ಕಾದರು ಎಂದು ತಿಳಿಯಲು ಅದರ ಅಣ್ಣನನ್ನು ನೋಡಬೇಕು. 1981ರ ಆಗಸ್ಟ್ 12ರಂದು ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರ್ ಅನ್ನು ಪ್ರಕಟಿಸಿತು. ಆರಂಭದ ಬೆಲೆ 1,565 ಡಾಲರ್. ಇಂಟೆಲ್ 8088 ಪ್ರೊಸೆಸರ್, ಕೇವಲ 16 ಕಿಲೋಬೈಟ್ ಮೆಮೊರಿ. ಅಮೆರಿಕದ ಫ್ಲೋರಿಡಾದ ಬೋಕಾ ರಟೋನ್‌ನಲ್ಲಿ ಡಾನ್ ಎಸ್ಟ್ರಿಜ್ ನೇತೃತ್ವದ ತಂಡ, ಮಾರುಕಟ್ಟೆಯಲ್ಲಿ ಸಿಗುವ ಬಿಡಿಭಾಗಗಳನ್ನೇ ಬಳಸಿ ಅದನ್ನು ಕಟ್ಟಿತ್ತು.

ಯಂತ್ರದಲ್ಲಿ ಬೆರಗಾಗುವಂಥದ್ದು ಹೆಚ್ಚೇನೂ ಇರಲಿಲ್ಲ. ಆದರೆ ಮುಚ್ಚಳ ತೆಗೆದರೆ ಒಳಗೆ ಐದು ಸ್ಲಾಟ್ ಇದ್ದವು. ಸ್ಲಾಟ್ ಅಂದರೆ ಮತ್ತೊಂದು ಸರ್ಕ್ಯೂಟ್ ಬೋರ್ಡ್ ಅನ್ನು, ಅಂದರೆ ಕಾರ್ಡನ್ನು, ನೇರವಾಗಿ ಕೂರಿಸುವ ಉದ್ದನೆಯ ಸಂದು. ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿತ್ತು. ಐಬಿಎಂ ಮಾರುತ್ತಿದ್ದ ತಾಂತ್ರಿಕ ಕೈಪಿಡಿಯಲ್ಲಿ ಆ ಸ್ಲಾಟ್‌ನ ಯಾವ ಪಿನ್‌ಗೆ ಯಾವ ಸಂಕೇತ ಬರುತ್ತದೆ ಎಂಬುದರಿಂದ ಹಿಡಿದು ಸರ್ಕ್ಯೂಟ್ ನಕ್ಷೆಯವರೆಗೆ ಎಲ್ಲವೂ ಅಚ್ಚಾಗಿತ್ತು. ಯಾರು ಬೇಕಾದರೂ ಓದಿ, ಯಾರ ಅಪ್ಪಣೆಯನ್ನೂ ಕೇಳದೆ ಕಾರ್ಡ್ ಮಾಡಬಹುದಿತ್ತು.

ಮಾಡಿದರು ಕೂಡ. ಎಎಸ್‌ಟಿ, ಟೆಕ್‌ಮಾರ್, ಕ್ವಾಡ್ರಾಮ್ ಮುಂತಾದ ಕಂಪನಿಗಳು ಮೆಮೊರಿ, ಗಡಿಯಾರ, ಪ್ರಿಂಟರ್ ಪೋರ್ಟ್‌ಗಳ ಕಾರ್ಡ್‌ಗಳಿಂದಲೇ ವ್ಯಾಪಾರ ಕಟ್ಟಿಕೊಂಡವು. ಐಬಿಎಂನ ಕಪ್ಪು-ಬಿಳುಪು ಡಿಸ್‌ಪ್ಲೇ ಕಾರ್ಡ್ ಬರೀ ಅಕ್ಷರ ತೋರಿಸುತ್ತಿತ್ತು, ಚಿತ್ರ ಬರುತ್ತಿರಲಿಲ್ಲ. ಹರ್ಕ್ಯುಲಿಸ್ ಎಂಬ ಪುಟ್ಟ ಕಂಪನಿ 1982ರಲ್ಲಿ ತನ್ನ ಕಾರ್ಡ್ ತಂದು ಅದೇ ಪರದೆಯ ಮೇಲೆ ಚಿತ್ರವನ್ನೂ ಮೂಡಿಸಿತು. ಐಬಿಎಂ ಬಿಟ್ಟ ಕೊರತೆಯನ್ನು ಇನ್ನೊಬ್ಬರು ತುಂಬಿದರು, ಕೊಂಡವರ ಯಂತ್ರದ ಆಯಸ್ಸು ಬೆಳೆಯಿತು. ಹೀಗಾಗಿ ಜನರ ಮನಸ್ಸಿನಲ್ಲಿ ಒಂದು ನಂಬಿಕೆ ಕೂತುಬಿಟ್ಟಿತು: ಐಬಿಎಂ ಪೆಟ್ಟಿಗೆ ತಗೊಂಡರೆ ಆಮೇಲೆ ಏನು ಬೇಕಾದರೂ ಸೇರಿಸಿಕೊಳ್ಳಬಹುದು.

'ಕಡಲೆಕಾಯಿ'ಗಾಗಿ ಒಂದು ವರ್ಷ

1983ರ ಉದ್ದಕ್ಕೂ ಅಮೆರಿಕದ ಕಂಪ್ಯೂಟರ್ ಪತ್ರಿಕೆಗಳಲ್ಲಿ ಒಂದೇ ಸುದ್ದಿ. ಐಬಿಎಂ ಮನೆಗಳಿಗಾಗಿ ಚಿಕ್ಕ ಪಿಸಿ ತರುತ್ತಿದೆ, ಅದರ ಗುಪ್ತನಾಮ 'ಪೀನಟ್', ಅಂದರೆ ಕಡಲೆಕಾಯಿ. ಬೆಲೆ ಎಷ್ಟಿರಬಹುದು, ಎಷ್ಟು ಮೆಮೊರಿ, ದೊಡ್ಡ ಪಿಸಿಯ ತಂತ್ರಾಂಶ ಓಡುತ್ತದೆಯೇ ಎಂದು ಊಹೆಗಳ ಮೇಲೆ ಊಹೆ. ಐಬಿಎಂ ಬಾಯಿ ಬಿಡಲಿಲ್ಲ. ಆ ಮೌನವೇ ನಿರೀಕ್ಷೆಯನ್ನು ಇನ್ನಷ್ಟು ಉಬ್ಬಿಸಿತು.

ಮನೆ ಕಂಪ್ಯೂಟರ್ ಮಾರುಕಟ್ಟೆಯ ಆಗಿನ ಚಿತ್ರ ಹೀಗಿತ್ತು. ಕೆಳಗಡೆ ಕಮೊಡೋರ್ 64, ಆ ವರ್ಷ ಬೆಲೆ ಇಳಿದಿಳಿದು ಸುಮಾರು 200 ಡಾಲರ್‌ಗೆ ಬಂದಿತ್ತು. ಮೇಲುಗಡೆ ಆಪಲ್ IIಇ, 1,395 ಡಾಲರ್, ಒಳಗೆ ಸಾಲುಸಾಲು ಸ್ಲಾಟ್. ಇವೆರಡರ ನಡುವೆ, ಕಚೇರಿಯ ಪಿಸಿಯ ಕೆಲಸವನ್ನು ಮನೆಗೆ ತರಬಲ್ಲ ಯಂತ್ರವೊಂದು ಬಂದರೆ ಇಡೀ ಮಾರುಕಟ್ಟೆ ಅದರದ್ದೇ ಎಂದು ಬಹಳ ಜನ ನಂಬಿದ್ದರು. ಯಂತ್ರ ಅಂಗಡಿಗೆ ಬರುವ ಮೊದಲೇ ಅದಕ್ಕೆ ಬಿಡಿಭಾಗ ಮಾಡಲು, ಅದಕ್ಕೆಂದೇ ಪತ್ರಿಕೆ ನಡೆಸಲು ಜನ ಸಿದ್ಧರಾಗಿದ್ದರು.

1983ರ ನವೆಂಬರ್ 1ರಂದು ಪಿಸಿ ಜೂನಿಯರ್ ಪ್ರಕಟವಾಯಿತು. ಕ್ರಿಸ್‌ಮಸ್ ಖರೀದಿಗೆ ಅದು ಸಿಗಲಿಲ್ಲ. ಗ್ರಾಹಕರ ಕೈಗೆ ಬಂದದ್ದು 1984ರಲ್ಲಿ. ಎರಡು ಮಾದರಿ. 669 ಡಾಲರ್‌ನದ್ದರಲ್ಲಿ 64 ಕಿಲೋಬೈಟ್ ಮೆಮೊರಿ ಇತ್ತು, ಫ್ಲಾಪಿ ಡ್ರೈವ್ ಇರಲಿಲ್ಲ. 1,269 ಡಾಲರ್‌ನದ್ದರಲ್ಲಿ 128 ಕಿಲೋಬೈಟ್ ಮತ್ತು ಒಂದು ಫ್ಲಾಪಿ ಡ್ರೈವ್. ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವುದು ಮೊದಲ ಬೆಲೆ, ಕೆಲಸಕ್ಕೆ ಬರುವುದು ಎರಡನೆಯದು. ಹಾಗೆ ನೋಡಿದರೆ ಮನೆಯ ಯಂತ್ರದ ನಿಜವಾದ ಬೆಲೆ ಸ್ಲಾಟ್ ತುಂಬಿದ ಆಪಲ್ IIಇ ಹತ್ತಿರಕ್ಕೇ ಹೋಗಿ ನಿಂತಿತ್ತು.

ಒಳಗೆ ಏನಿತ್ತು, ಏನಿರಲಿಲ್ಲ

ಜೂನಿಯರ್ ಎಲ್ಲ ರೀತಿಯಲ್ಲೂ ಕೆಟ್ಟ ಯಂತ್ರವಾಗಿರಲಿಲ್ಲ. ಅದರ 16 ಬಣ್ಣದ ಚಿತ್ರ, ಮೂರು ಸ್ವರ ಒಟ್ಟಿಗೆ ನುಡಿಸುವ ಧ್ವನಿ ಚಿಪ್ ದೊಡ್ಡ ಪಿಸಿಯಲ್ಲೂ ಇರಲಿಲ್ಲ. ಸಿಯೆರಾ ಕಂಪನಿಯ ಹೆಸರಾಂತ ಆಟ 'ಕಿಂಗ್ಸ್ ಕ್ವೆಸ್ಟ್' ಹುಟ್ಟಿದ್ದೇ ಇದರ ಶಕ್ತಿ ತೋರಿಸಲು, ಐಬಿಎಂ ಕೊಟ್ಟ ಕೆಲಸವಾಗಿ. ಎದುರಿಗೆ ಎರಡು ಕಾರ್ಟ್ರಿಜ್ ಸಂದು. ತಂತಿಯಿಲ್ಲದ, ಇನ್‌ಫ್ರಾರೆಡ್ ಕಿರಣದಿಂದ ಕೆಲಸ ಮಾಡುವ ಕೀಬೋರ್ಡ್.

ಆ ಕೀಬೋರ್ಡ್ ನೋಡಿಯೇ ಜನ ಮುಖ ಸಿಂಡರಿಸಿದ್ದು. ಚ್ಯೂಯಿಂಗ್ ಗಮ್ ತುಂಡುಗಳಂಥ ಬಿಡಿಬಿಡಿ ಗುಂಡಿಗಳು. ಅದರ ಮೇಲೆ ಪುಟಗಟ್ಟಲೆ ಟೈಪ್ ಮಾಡುವುದು ಶಿಕ್ಷೆ. ಪತ್ರಿಕೆಗಳು ಹೆಚ್ಚು ಬರೆದಿದ್ದು ಇದರ ಬಗ್ಗೆಯೇ. ಆದರೆ ಕೀಬೋರ್ಡ್ ಬದಲಿಸಬಹುದಾದ ವಸ್ತು. ಬದಲಿಸಲಾಗದ ತೊಂದರೆ ಬೋರ್ಡ್ ಮೇಲಿತ್ತು.

ಮೊದಲನೆಯದು, ಪರದೆಯ ಚಿತ್ರಕ್ಕೆ ಬೇರೆ ಮೆಮೊರಿ ಇರಲಿಲ್ಲ. ಪ್ರೊಸೆಸರ್ ಬಳಸುವ ಮೆಮೊರಿಯನ್ನೇ ಪರದೆಯೂ ಹಂಚಿಕೊಳ್ಳುತ್ತಿತ್ತು. ಪರದೆಯ ಸರದಿ ಬಂದಾಗ ಪ್ರೊಸೆಸರ್ ಕಾಯಬೇಕು. ಹೀಗಾಗಿ ಅದೇ 8088, ಅದೇ ವೇಗದ ಗಡಿಯಾರ ಇದ್ದರೂ ಜೂನಿಯರ್‌ನಲ್ಲಿ ಪ್ರೋಗ್ರಾಂಗಳು ದೊಡ್ಡ ಪಿಸಿಗಿಂತ ನಿಧಾನವಾಗಿ ಓಡುತ್ತಿದ್ದವು.

ಎರಡನೆಯದು, ಡಿಎಂಎ ಎಂಬ ಚಿಪ್ ಇರಲಿಲ್ಲ. ಫ್ಲಾಪಿಯಿಂದ ದತ್ತಾಂಶವನ್ನು ಮೆಮೊರಿಗೆ ಸಾಗಿಸುವ ಕೂಲಿ ಕೆಲಸ ಅದರದ್ದು. ಅದಿಲ್ಲದ ಕಾರಣ ಪ್ರೊಸೆಸರ್ ತಾನೇ ಹೊರೆ ಹೊರಬೇಕಿತ್ತು. ಫ್ಲಾಪಿ ತಿರುಗುವಾಗ ಬೇರೆ ಕೆಲಸಕ್ಕೆ ಅದಕ್ಕೆ ಬಿಡುವಿರಲಿಲ್ಲ.

ಮೂರನೆಯದು, ಸ್ಲಾಟ್‌ಗಳು. ಜನ ಕಾದದ್ದು ಇದಕ್ಕೇ. ಒಳಗೆ ಮೂರೇ ಮೂರು ಜಾಗ: ಮೆಮೊರಿ ಕಾರ್ಡ್‌ಗೆ ಒಂದು, ಮೋಡೆಮ್‌ಗೆ ಒಂದು, ಫ್ಲಾಪಿ ಡ್ರೈವ್‌ನ ಕಾರ್ಡ್‌ಗೆ ಒಂದು. ಪ್ರತಿಯೊಂದೂ ಅದಕ್ಕೆಂದೇ ಮೀಸಲು. ದೊಡ್ಡ ಪಿಸಿಗೆಂದು ಎರಡು ವರ್ಷದಲ್ಲಿ ಬಂದಿದ್ದ ನೂರಾರು ಕಾರ್ಡ್‌ಗಳಲ್ಲಿ ಒಂದೂ ಇದರೊಳಗೆ ಕೂರುತ್ತಿರಲಿಲ್ಲ. ಹಿಂಬದಿಯ ಪೋರ್ಟ್‌ಗಳ ಆಕಾರವೂ ಬೇರೆ; ಮಾಮೂಲಿ ಕೇಬಲ್ ಹಾಕಲು ಮತ್ತೊಂದು ಅಡಾಪ್ಟರ್ ಕೇಬಲ್ ಕೊಳ್ಳಬೇಕು. ಐಬಿಎಂ ಹೇಳಿದ ಮೆಮೊರಿ ಮಿತಿ 128 ಕಿಲೋಬೈಟ್.

ಹೀಗೇಕೆ ಮಾಡಿದರು? ಅಗ್ಗದ ಯಂತ್ರ ಚೆನ್ನಾಗಿದ್ದರೆ ದುಬಾರಿ ಪಿಸಿಯನ್ನು ಯಾರು ಕೊಳ್ಳುತ್ತಾರೆ ಎಂಬ ಅಳುಕಿನಿಂದ ಐಬಿಎಂ ತಮ್ಮನ ಕೈಕಾಲು ಕಟ್ಟಿತು ಅನ್ನೋದು ಆಗಿನಿಂದ ಇಂದಿನವರೆಗೂ ವ್ಯಾಪಕವಾಗಿರುವ ವಿಶ್ಲೇಷಣೆ. ಯಂತ್ರದ ರಚನೆಯೇ ಅದಕ್ಕೆ ಪುರಾವೆಯಂತಿದೆ.

ಪಕ್ಕಕ್ಕೆ ಬೆಳೆದ ಕಂಪ್ಯೂಟರ್

ವಿಸ್ತರಣೆಗೆ ಐಬಿಎಂ ಕೊಟ್ಟ ದಾರಿಯ ಹೆಸರು 'ಸೈಡ್‌ಕಾರ್'. ಮೋಟರ್‌ಬೈಕ್ ಪಕ್ಕದಲ್ಲಿ ಜೋಡಿಸುವ ತೊಟ್ಟಿಲಿನ ಹೆಸರೇ ಇದು. ಜೂನಿಯರ್‌ನ ಬಲಗಡೆಯ ಮುಚ್ಚಳ ತೆಗೆದರೆ ಒಂದು ಕನೆಕ್ಟರ್. ಅದಕ್ಕೆ ಒಂದು ಪ್ಲಾಸ್ಟಿಕ್ ಪೆಟ್ಟಿಗೆ ಜೋಡಿಸಿ ಸ್ಕ್ರೂ ಬಿಗಿಯಬೇಕು. ಆ ಪೆಟ್ಟಿಗೆಯ ಬಲಗಡೆ ಮತ್ತೊಂದು ಕನೆಕ್ಟರ್. ಅದಕ್ಕೆ ಮತ್ತೊಂದು ಪೆಟ್ಟಿಗೆ. ಪ್ರಿಂಟರ್ ಬೇಕಾ? ಒಂದು ಸೈಡ್‌ಕಾರ್. ಮೆಮೊರಿ ಬೇಕಾ? ಇನ್ನೊಂದು. ಬೇಕುಗಳು ಬೆಳೆದಂತೆ ಪುಟ್ಟ ಕಂಪ್ಯೂಟರ್ ಮೇಜಿನ ಉದ್ದಕ್ಕೂ ರೈಲುಬಂಡಿಯ ಹಾಗೆ ಬೆಳೆಯುತ್ತಿತ್ತು.

ಇಲ್ಲಿ ಎರಡು ಸಂಗತಿ ಗಮನಿಸಬೇಕು. ಒಂದು, ಪ್ರತಿ ಪೆಟ್ಟಿಗೆಗೂ ಅದರದೇ ಕವಚ, ಅದರದೇ ಎರಡು ಕನೆಕ್ಟರ್. ದೊಡ್ಡ ಪಿಸಿಯಲ್ಲಿ ಒಂದು ಬರಿಯ ಕಾರ್ಡ್ ಮಾಡುವ ಕೆಲಸಕ್ಕೆ ಇಲ್ಲಿ ಒಂದು ಇಡೀ ಡಬ್ಬಿ ಬೇಕು, ಬೆಲೆಯೂ ಅದಕ್ಕೆ ತಕ್ಕಂತೆ. ಎರಡು, ಕರೆಂಟ್. ಚಿಕ್ಕ ಯಂತ್ರಕ್ಕೆ ಚಿಕ್ಕ ಪವರ್ ಸಪ್ಲೈ. ಡಬ್ಬಿಗಳು ಸಾಲುಗಟ್ಟಿದಾಗ ಅವಕ್ಕೆ ಕರೆಂಟ್ ಸಾಲದು. ಅದಕ್ಕೆ ಐಬಿಎಂ ಮಾರಿದ್ದು ಏನು? ಇನ್ನೊಂದು ಸೈಡ್‌ಕಾರ್, ವಿದ್ಯುತ್ ಒದಗಿಸಲೆಂದೇ.

ಕೊರತೆ ತುಂಬಲು ಇಲ್ಲೂ ಹೊರಗಿನ ಕಂಪನಿಗಳು ಬಂದವು. ಟೆಕ್‌ಮಾರ್ ಮೆಮೊರಿ, ಪ್ರಿಂಟರ್ ಪೋರ್ಟ್ ಎಲ್ಲ ಸೇರಿಸಿದ ಡಬ್ಬಿ ತಂದಿತು. ಮೈಕ್ರೋಸಾಫ್ಟ್ ಕೂಡ ಮೌಸ್ ಜೊತೆಗೆ ಮೆಮೊರಿಯ 'ಬೂಸ್ಟರ್' ಮಾರಿತು. ರಕೋರ್ ಎಂಬ ಕಂಪನಿಯ ಕಿಟ್ ಯಂತ್ರದ ನೆತ್ತಿಯ ಮೇಲೆ ಎರಡನೇ ಫ್ಲಾಪಿ ಡ್ರೈವ್ ಕೂರಿಸಿ, ಇಲ್ಲದ ಡಿಎಂಎಯನ್ನೂ ಒದಗಿಸಿತು. ಎಲ್ಲ ಜೋಡಿಸಿದರೆ ಜೂನಿಯರ್ ಒಳ್ಳೆಯ ಕಂಪ್ಯೂಟರ್ ಆಗುತ್ತಿತ್ತು. ಆದರೆ ಅಷ್ಟು ಹೊತ್ತಿಗೆ ಅದು ಪುಟ್ಟದಾಗಿಯೂ ಉಳಿದಿರಲಿಲ್ಲ, ಅಗ್ಗವಾಗಿಯೂ ಉಳಿದಿರಲಿಲ್ಲ.

1984ರ ಜುಲೈ ಕೊನೆಗೆ ಐಬಿಎಂ ತಿದ್ದಿಕೊಂಡಿತು. ಟೈಪ್‌ರೈಟರ್ ಮಾದರಿಯ ಹೊಸ ಕೀಬೋರ್ಡ್ ತಂದು ಹಳೆಯ ಗ್ರಾಹಕರಿಗೂ ಉಚಿತವಾಗಿ ಕೊಟ್ಟಿತು. 128 ಕಿಲೋಬೈಟ್‌ನ ಮೆಮೊರಿ ಸೈಡ್‌ಕಾರ್‌ಗಳನ್ನು ಬಿಟ್ಟು, 512 ಕಿಲೋಬೈಟ್‌ವರೆಗೆ ಏರಿಸಬಹುದು ಎಂದಿತು. ಬೆಲೆಯನ್ನೂ ಇಳಿಸಿತು. ಆ ವರ್ಷದ ಕ್ರಿಸ್‌ಮಸ್‌ಗೆ ರಿಯಾಯಿತಿ ಕೊಟ್ಟಾಗ ಮಾರಾಟ ಜೋರಾಗಿಯೇ ನಡೆಯಿತು. ರಿಯಾಯಿತಿ ಮುಗಿದಾಗ ಮಾರಾಟವೂ ಮುಗಿಯಿತು. 1985ರ ಮಾರ್ಚ್‌ನಲ್ಲಿ ಐಬಿಎಂ ಜೂನಿಯರ್ ಉತ್ಪಾದನೆ ನಿಲ್ಲಿಸುವುದಾಗಿ ಹೇಳಿತು. ಪ್ರಕಟವಾಗಿ ಒಂದೂವರೆ ವರ್ಷವೂ ತುಂಬಿರಲಿಲ್ಲ.

ಇದರಲ್ಲಿ ಗಮನಿಸಬೇಕಾದವರು ಐಬಿಎಂ ಅಲ್ಲ, ಅದಕ್ಕೆ ಆ ಪೆಟ್ಟು ತಡೆಯುವ ಶಕ್ತಿ ಇತ್ತು. ಸೈಡ್‌ಕಾರ್ ಆಮೇಲೆ ಕೊಳ್ಳೋಣ ಎಂದು ಮೊದಲ ಕಂತು ಕಟ್ಟಿದ ಮನೆಗಳು ನಿಜವಾದ ಸೋತವರು. ದೊಡ್ಡ ಪಿಸಿಯ ಕಾರ್ಡ್‌ಗಳು ಹತ್ತಾರು ಕಂಪನಿಗಳಿಂದ, ವರ್ಷಗಟ್ಟಲೆ ಸಿಗುತ್ತಲೇ ಇದ್ದವು. ಜೂನಿಯರ್‌ನ ಡಬ್ಬಿಗಳು ಜೂನಿಯರ್‌ಗೆ ಬಿಟ್ಟು ಬೇರೆ ಯಾವುದಕ್ಕೂ ಹೊಂದುತ್ತಿರಲಿಲ್ಲ.

ಇನ್ನೊಂದು ವಿಪರ್ಯಾಸವೂ ಇದೆ. ಜೂನಿಯರ್‌ನ ಬಣ್ಣ ಮತ್ತು ಧ್ವನಿಯನ್ನು ನಕಲು ಮಾಡಿ ಟ್ಯಾಂಡಿ ಕಂಪನಿ 1984ರ ಕೊನೆಯಲ್ಲಿ 'ಟ್ಯಾಂಡಿ 1000' ತಂದಿತು. ಒಳಗೆ ಪಿಸಿಯ ಕಾರ್ಡ್‌ಗಳನ್ನೇ ಹಿಡಿಸುವ ಮೂರು ಸ್ಲಾಟ್ ಇಟ್ಟಿತು. ಅದು ಗೆದ್ದಿತು. ಐಬಿಎಂ ರೂಪಿಸಿದ ಆ ಚಿತ್ರ ವಿಧಾನಕ್ಕೆ ಕೊನೆಗೆ 'ಟ್ಯಾಂಡಿ ಗ್ರಾಫಿಕ್ಸ್' ಎಂದೇ ಹೆಸರು ಉಳಿಯಿತು.

ಮಾತು ಉಳಿಸಿಕೊಂಡ ಪೋರ್ಟ್

ಹಾಗಾದರೆ ಪುಟ್ಟ ಯಂತ್ರಗಳ ವಿಸ್ತರಣೆ ಅಂದರೆ ಬರೀ ಬೊಗಳೆಯೇ? ಅಲ್ಲ. ಅದೇ ಕಾಲದ ಬ್ರಿಟನ್‌ನಲ್ಲಿ ಬಿಬಿಸಿ ಮೈಕ್ರೋ ಎಂಬ ಶಾಲಾ ಕಂಪ್ಯೂಟರ್ ಇತ್ತು. 1981ರ ಕೊನೆಯಲ್ಲಿ ಕೇಂಬ್ರಿಡ್ಜ್‌ನ ಏಕಾರ್ನ್ ಕಂಪನಿ ತಯಾರಿಸಿದ್ದು. ಇದರ ತಳದಲ್ಲಿ 'ಟ್ಯೂಬ್' ಎಂಬ ಕನೆಕ್ಟರ್ ಇಟ್ಟಿದ್ದರು. ಅದಕ್ಕೆ ಎರಡನೇ ಪ್ರೊಸೆಸರ್ ಇರುವ ಪೆಟ್ಟಿಗೆ ಜೋಡಿಸಿದರೆ ಲೆಕ್ಕದ ಕೆಲಸವನ್ನೆಲ್ಲ ಅದು ಮಾಡುತ್ತದೆ, ಕೀಬೋರ್ಡ್ ಮತ್ತು ಪರದೆಯನ್ನು ಹಳೆಯ ಯಂತ್ರ ನೋಡಿಕೊಳ್ಳುತ್ತದೆ. ಎರಡನೇ ಪ್ರೊಸೆಸರ್ ಪೆಟ್ಟಿಗೆಗಳು ತಡವಾಗಿಯೇ ಬಂದವು. ಆದರೆ ಅವು ಬಂದಾಗ ಕೂರಿಸಲು ಬೇಕಾದ ಕನೆಕ್ಟರ್ ಆಗಲೇ ಮನೆ, ಶಾಲೆಗಳ ಯಂತ್ರಗಳಲ್ಲಿತ್ತು, ಅದರ ವಿವರ ಬಳಕೆದಾರರ ಕೈಪಿಡಿಗಳಲ್ಲಿತ್ತು.

ಆ ಟ್ಯೂಬ್‌ನಿಂದಾದ ಉಪಯೋಗ ಯಾರೂ ಎಣಿಸದಷ್ಟು ದೊಡ್ಡದು. ಏಕಾರ್ನ್‌ನ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ತಮ್ಮದೇ ಹೊಸ ಪ್ರೊಸೆಸರ್ ರೂಪಿಸಿದಾಗ ಅದನ್ನು ಬಿಬಿಸಿ ಮೈಕ್ರೋಗೆ ಎರಡನೇ ಪ್ರೊಸೆಸರ್ ಆಗಿ ಜೋಡಿಸಿಯೇ ಓಡಿಸಿದರು. ಆ ಮೊದಲ ಚಿಪ್ ಜೀವ ತಳೆದದ್ದು 1985ರ ಏಪ್ರಿಲ್ 26ರಂದು, ಐಬಿಎಂ ಜೂನಿಯರ್‌ಗೆ ವಿದಾಯ ಹೇಳಿದ ಮರುತಿಂಗಳು. ಅದರ ಹೆಸರು ಆರ್ಮ್. ಈ ಲೇಖನವನ್ನು ನೀವು ಫೋನಿನಲ್ಲಿ ಓದುತ್ತಿದ್ದರೆ ಅದರೊಳಗಿರುವುದು ಅದೇ ವಂಶದ ಪ್ರೊಸೆಸರ್.

ಭಾರತಕ್ಕೂ ಈ ಯಂತ್ರದ ನಂಟಿದೆ. 1984ರಲ್ಲಿ ಕೇಂದ್ರ ಸರ್ಕಾರ ಶಾಲೆಗಳಲ್ಲಿ ಕಂಪ್ಯೂಟರ್ ಪರಿಚಯಿಸಲು ಆರಂಭಿಸಿದ 'ಕ್ಲಾಸ್' ಯೋಜನೆಗೆ ಆಯ್ದುಕೊಂಡದ್ದು ಬಿಬಿಸಿ ಮೈಕ್ರೋವನ್ನೇ.

ಏಕಾರ್ನ್ ಕೂಡ ಎಲ್ಲ ಕಡೆ ಗೆಲ್ಲಲಿಲ್ಲ ಅನ್ನೋದನ್ನೂ ಹೇಳಬೇಕು. 1983ರಲ್ಲಿ ಅದು ತಂದ ಅಗ್ಗದ ಪುಟ್ಟ ಯಂತ್ರ 'ಎಲೆಕ್ಟ್ರಾನ್'ನಲ್ಲಿ ಟ್ಯೂಬ್ ಇರಲಿಲ್ಲ. ಪ್ರಿಂಟರ್ ಹಾಕಬೇಕಾದರೂ 'ಪ್ಲಸ್ 1' ಎಂಬ ಡಬ್ಬಿ ಕೊಳ್ಳಬೇಕಿತ್ತು. ಅಂದರೆ ಕಂಪನಿಯ ಹೆಸರನ್ನು ನಂಬಿ ಸಾಗಿದರೆ ಆಗಲ್ಲ, ಪ್ರತಿ ಯಂತ್ರದ ಬೋರ್ಡನ್ನೂ ಬೇರೆಯಾಗಿ ನೋಡಬೇಕು.

ಚಿಕ್ಕದಾದಷ್ಟೂ ಯಾಕೆ ಕಷ್ಟ?

ಕಂಪನಿಗಳ ಲೆಕ್ಕಾಚಾರ ಒಂದು ಕಡೆ ಇರಲಿ. ಪುಟ್ಟ ಯಂತ್ರಕ್ಕೆ ಸೇರಿಸುವುದು ಕಷ್ಟವಾಗಲು ನಿಜವಾದ ತಾಂತ್ರಿಕ ಕಾರಣಗಳೂ ಇವೆ. ಇವತ್ತಿಗೂ ಅವು ಬದಲಾಗಿಲ್ಲ.

ಕನೆಕ್ಟರ್ ಅಂದರೆ ಜಾಗ ಮತ್ತು ದುಡ್ಡು. ಸಡಿಲವಾದರೆ ತೊಂದರೆ. 1981ರ ಸಿಂಕ್ಲೇರ್ ಝಡ್‌ಎಕ್ಸ್81 ಎಂಬ ಪುಟಾಣಿ ಯಂತ್ರದ ಬೆನ್ನಿಗೆ 16 ಕಿಲೋಬೈಟ್‌ನ ಮೆಮೊರಿ ಡಬ್ಬಿ ಸಿಕ್ಕಿಸುತ್ತಿದ್ದರು. ಟೈಪ್ ಮಾಡುವಾಗ ಅದು ಸ್ವಲ್ಪ ಅಲುಗಿದರೆ ಸಾಕು, ಯಂತ್ರ ನಿಂತು ಬರೆದದ್ದೆಲ್ಲ ಹೋಗುತ್ತಿತ್ತು. ಅಂಟು ಮೆತ್ತಿ ಕೂರಿಸುವುದು ಬ್ರಿಟನ್‌ನ ಮಕ್ಕಳಿಗೆ ಮಾಮೂಲಾಗಿತ್ತು.

ಈಗಿನ ಮೆಮೊರಿಯದ್ದು ಬೇರೆ ಸಮಸ್ಯೆ. ವೇಗ ಹೆಚ್ಚಿದಂತೆ ಪ್ರೊಸೆಸರ್ ಮತ್ತು ಮೆಮೊರಿ ನಡುವಿನ ದಾರಿ ಚಿಕ್ಕದಾಗಿ, ಚೊಕ್ಕವಾಗಿ ಇರಬೇಕು. ಸಾಕೆಟ್ ಇಟ್ಟರೆ ಸಂಕೇತ ಕೆಡುತ್ತದೆ. ಅದಕ್ಕೇ ಅನೇಕ ಪುಟ್ಟ ಯಂತ್ರಗಳಲ್ಲಿ ಮೆಮೊರಿಯನ್ನು ಬೋರ್ಡ್‌ಗೇ ಬೆಸೆದಿರುತ್ತಾರೆ. 2024ರ ನವೆಂಬರ್‌ನ ಆಪಲ್ ಮ್ಯಾಕ್ ಮಿನಿ ಅಂಗೈಯಗಲದ ಯಂತ್ರ. ಕೊಳ್ಳುವಾಗ ಇದ್ದಷ್ಟೇ ಮೆಮೊರಿ ಕೊನೆಯವರೆಗೂ. ಆಪಲ್ ಬಿಡಿ, ಬಿಚ್ಚಿ ರಿಪೇರಿ ಮಾಡಬಹುದಾದ ಲ್ಯಾಪ್‌ಟಾಪ್‌ಗಳಿಂದಲೇ ಹೆಸರಾದ ಫ್ರೇಮ್‌ವರ್ಕ್ ಕಂಪನಿ 2025ರಲ್ಲಿ ತಂದ ಪುಟ್ಟ ಡೆಸ್ಕ್‌ಟಾಪ್‌ನಲ್ಲೂ ಮೆಮೊರಿ ಬೆಸೆದದ್ದೇ.

ಹೊರಗಿನಿಂದ ಜೋಡಿಸುವ ದಾರಿಗೂ ಮಿತಿ ಇದೆ. ಥಂಡರ್‌ಬೋಲ್ಟ್ 4 ಕೇಬಲ್ ಸೆಕೆಂಡಿಗೆ 40 ಗಿಗಾಬಿಟ್ ಸಾಗಿಸುತ್ತದೆ. ಕೇಳಲು ದೊಡ್ಡದು. ಆದರೆ ದೊಡ್ಡ ಡೆಸ್ಕ್‌ಟಾಪ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್ ಕೂರುವ 16 ಲೇನ್‌ನ ಪಿಸಿಐಇ 4 ಸ್ಲಾಟ್ ಒಂದೊಂದು ದಿಕ್ಕಿಗೂ ಸುಮಾರು 256 ಗಿಗಾಬಿಟ್ ಸಾಗಿಸಬಲ್ಲದು. ಹೊರಗಿನ ಡಬ್ಬಿಯಲ್ಲಿ ಅದೇ ಕಾರ್ಡ್ ಹಾಕಿದರೂ ಅದೇ ಕೆಲಸ ಆಗುತ್ತದೆ ಅಂದುಕೊಳ್ಳಬಾರದು. ಜೊತೆಗೆ ಆ ಡಬ್ಬಿಗೆ ಅದರದೇ ಪವರ್ ಸಪ್ಲೈ, ಅದರದೇ ಬೆಲೆ. ಸೈಡ್‌ಕಾರ್ ಹೊಸ ಬಟ್ಟೆ ಹಾಕಿಕೊಂಡು ಬಂದಿದೆ ಅಷ್ಟೇ.

ಖಾಲಿ ಬಿಟ್ಟ ಜಾಗ

ಇತ್ತೀಚಿನ ಒಂದು ಉದಾಹರಣೆ ನೋಡಿ. ರಾಸ್‌ಬೆರಿ ಪೈ ಕಂಪನಿ 2024ರ ಡಿಸೆಂಬರ್‌ನಲ್ಲಿ ಕೀಬೋರ್ಡ್ ಒಳಗೇ ಇಡೀ ಕಂಪ್ಯೂಟರ್ ಅಡಗಿರುವ 'ಪೈ 500' ಬಿಟ್ಟಿತು. 8 ಜಿಬಿ ಮೆಮೊರಿ, ಬೆಲೆ 90 ಡಾಲರ್. ಬಿಚ್ಚಿ ನೋಡಿದವರಿಗೆ ಬೋರ್ಡ್ ಮೇಲೆ ಎಂ.2 ಸ್ಲಾಟ್‌ನ ಜಾಗ ಕಂಡಿತು. ಎಂ.2 ಅಂದರೆ ವೇಗದ ಎಸ್‌ಎಸ್‌ಡಿ ಕೂರಿಸುವ ಸಂದು. ಜಾಗ ಇತ್ತು, ಗೆರೆಗಳಿದ್ದವು, ಆದರೆ ಕನೆಕ್ಟರ್ ಇರಲಿಲ್ಲ, ಅದಕ್ಕೆ ಬೇಕಾದ ಬಿಡಿಭಾಗಗಳೂ ಇರಲಿಲ್ಲ. ಮುಂದೆ ಇದು ಬರುತ್ತದೆ ಎಂದು ಹವ್ಯಾಸಿಗಳು ಊಹಿಸಿದರು. ಊಹೆ ಸರಿಯಾಯಿತು, ಆದರೆ ಹಳೆಯ ಯಂತ್ರಕ್ಕೆ ಸೇರಿಸುವ ಭಾಗವಾಗಿ ಅಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಎಂ.2 ಸ್ಲಾಟ್, 256 ಜಿಬಿ ಎಸ್‌ಎಸ್‌ಡಿ, 16 ಜಿಬಿ ಮೆಮೊರಿ, ಒಳ್ಳೆಯ ಗುಂಡಿಗಳಿರುವ 'ಪೈ 500 ಪ್ಲಸ್' ಎಂಬ ಬೇರೆಯೇ ಯಂತ್ರ 200 ಡಾಲರ್‌ಗೆ ಬಂತು. ಖಾಲಿ ಜಾಗ ನೋಡಿ ಹಿಂದಿನದನ್ನು ಕೊಂಡವರ ಬಳಿ ಉಳಿದದ್ದು ಖಾಲಿ ಜಾಗವೇ.

ಇದೇ ಕಂಪನಿಯ ಇನ್ನೊಂದು ಯಂತ್ರದಲ್ಲಿ ಕಥೆ ಬೇರೆ. 2023ರಲ್ಲಿ ಪ್ರಕಟವಾದ 'ಪೈ 5' ಬೋರ್ಡ್‌ನಲ್ಲಿ ಪಿಸಿಐಇಯ ಪುಟ್ಟ ಕನೆಕ್ಟರ್ ಮೊದಲ ದಿನವೇ ಇತ್ತು. ಎಸ್‌ಎಸ್‌ಡಿ ಜೋಡಿಸುವ ಕಂಪನಿಯದೇ ಹಲಗೆ ಬಂದದ್ದು 2024ರ ಮೇ ತಿಂಗಳಲ್ಲಿ, 12 ಡಾಲರ್‌ಗೆ. ಅಷ್ಟರೊಳಗೆ ಬೇರೆ ಕಂಪನಿಗಳು ತಮ್ಮ ಹಲಗೆ ಮಾರತೊಡಗಿದ್ದವು. ಮೊದಲ ದಿನವೇ ಕೊಂಡವರಿಗೂ ಅವೆಲ್ಲ ಹೊಂದಿದವು. ಒಂದು ಎಚ್ಚರಿಕೆ ಮಾತ್ರ: ಕಂಪನಿ ಸೂಚಿಸಿದ 27 ವಾಟ್‌ನ ಚಾರ್ಜರ್ ಇಲ್ಲದಿದ್ದರೆ ಪೈ 5 ತನ್ನ ಯುಎಸ್‌ಬಿ ಪೋರ್ಟ್‌ಗಳಿಗೆ ಕೊಡುವ ಕರೆಂಟನ್ನು 600 ಮಿಲಿ ಆಂಪಿಯರ್‌ಗೆ ತಗ್ಗಿಸುತ್ತದೆ. ಪೋರ್ಟ್ ಇದ್ದ ಮಾತ್ರಕ್ಕೆ ಅದರಲ್ಲಿ ಎಲ್ಲವೂ ಓಡುತ್ತದೆ ಅಂತಲ್ಲ.

ಇನ್ನು ಮೆಮೊರಿ. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳ ಹಸಿವಿನಿಂದ ಮೆಮೊರಿ ಚಿಪ್‌ಗಳ ಬೆಲೆ ಏರಿದೆ, ರಾಸ್‌ಬೆರಿ ಪೈ ಕೂಡ ದರ ಹೆಚ್ಚಿಸಿದೆ. ಬೆಲೆ ಇಳಿದ ಮೇಲೆ ಹಾಕಿಕೊಳ್ಳೋಣ ಎಂಬ ಹಳೆಯ ಉಪಾಯ ಸಾಕೆಟ್ ಇರುವ ಯಂತ್ರದಲ್ಲಿ ಮಾತ್ರ ನಡೆಯುತ್ತದೆ.

ನಮ್ಮ ಶಾಲೆಗಳ ಲೆಕ್ಕ

ಕರ್ನಾಟಕದಲ್ಲಿ ಇದು ಈಗ ದೂರದ ಚರ್ಚೆಯಲ್ಲ. ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ 2025ರ ನವೆಂಬರ್‌ನ ಬೆಂಗಳೂರು ಟೆಕ್ ಸಮ್ಮಿಟ್‌ನಲ್ಲಿ 'ಕಿಯೋ' ಎಂಬ ಪುಟ್ಟ ಪರ್ಸನಲ್ ಕಂಪ್ಯೂಟರ್ ಅನ್ನು ಮುಂದಿಟ್ಟಿತು. ರಿಸ್ಕ್-ಫೈವ್ ಪ್ರೊಸೆಸರ್, ಲಿನಕ್ಸ್ ವ್ಯವಸ್ಥೆ, ವಿದ್ಯಾರ್ಥಿಗಳಿಗೂ ಸಣ್ಣ ಉದ್ಯಮಗಳಿಗೂ ಕೈಗೆಟುಕಬೇಕೆಂಬ ಆಶಯ. ಆಶಯ ಒಳ್ಳೆಯದು, ಸ್ವಾಗತಿಸಬೇಕು.

ಆದರೆ ಒಂದು ಗೊಂದಲ ಬೇಡ. ರಿಸ್ಕ್-ಫೈವ್ 'ಮುಕ್ತ' ಅಂದರೆ ಆ ಪ್ರೊಸೆಸರ್ ಅರ್ಥಮಾಡಿಕೊಳ್ಳುವ ಆದೇಶಗಳ ಪಟ್ಟಿ ಮುಕ್ತ, ಲೈಸೆನ್ಸ್ ಶುಲ್ಕವಿಲ್ಲದೆ ಯಾರು ಬೇಕಾದರೂ ಅದನ್ನು ಆಧರಿಸಿ ಚಿಪ್ ಮಾಡಬಹುದು ಅಂತ. ಮೆಮೊರಿ ಬೆಸೆದಿದೆಯೇ, ಸ್ಲಾಟ್ ಇದೆಯೇ, ಬೋರ್ಡ್‌ನ ನಕ್ಷೆ ಬಹಿರಂಗವಾಗಿದೆಯೇ ಅನ್ನೋದು ಪೂರ್ತಿ ಬೇರೆ ಪ್ರಶ್ನೆ. ಮುಕ್ತ ಪ್ರೊಸೆಸರ್ ಇರುವ ಬೋರ್ಡ್ ಕೂಡ ಜೂನಿಯರ್‌ನಷ್ಟೇ ಬಿಗಿಯಾಗಿರಲು ಸಾಧ್ಯ. ಇನ್ನೊಂದು ತೊಡಕು ಡ್ರೈವರ್. ಕಾರ್ಡ್ ಸ್ಲಾಟ್‌ನಲ್ಲಿ ಕೂತರೆ ಸಾಲದು, ಆ ಪ್ರೊಸೆಸರ್‌ಗೆ ಹೊಂದುವ ಡ್ರೈವರ್ ತಂತ್ರಾಂಶವನ್ನು ಯಾರಾದರೂ ಬರೆದಿರಬೇಕು. ಸಂದು ಹೊಂದಿ ತಂತ್ರಾಂಶ ಹೊಂದದಿದ್ದರೆ ಅದು ವಿಸ್ತರಣೆಯಲ್ಲ, ಅಲಂಕಾರ.

ಶಾಲೆಯ ಟೆಂಡರ್ ಬರೆಯುವವರು, ಮನೆಗೆ ಕೊಳ್ಳುವವರು, ಇಬ್ಬರೂ ಯಾವುದೇ ಹೊಸ ಪುಟ್ಟ ಯಂತ್ರದ ಬಗ್ಗೆ ಈ ಐದು ಪ್ರಶ್ನೆ ಕೇಳಬಹುದು:

1. ಕನೆಕ್ಟರ್ ಈಗಲೇ ಬೋರ್ಡ್ ಮೇಲಿದೆಯೇ? 'ಮುಂದಿನ ಆವೃತ್ತಿಯಲ್ಲಿ' ಅನ್ನೋ ಉತ್ತರ ಬಂದರೆ ಇಲ್ಲ ಅಂತಲೇ ಲೆಕ್ಕ.

2. ಅದು ಎಲ್ಲರೂ ಬಳಸುವ ಮಾದರಿಯದ್ದೇ, ಕಂಪನಿಯ ಸ್ವಂತದ್ದೇ? ಎಂ.2, ಯುಎಸ್‌ಬಿ, ಮಾಮೂಲಿ ಮೆಮೊರಿ ಸಾಕೆಟ್ ಆದರೆ ಬಿಡಿಭಾಗ ಹತ್ತು ಅಂಗಡಿಯಲ್ಲಿ ಸಿಗುತ್ತದೆ. ಸ್ವಂತದ್ದಾದರೆ ಕಂಪನಿಯ ಮನಸ್ಸಿರುವವರೆಗೆ ಮಾತ್ರ. ಇಂಟೆಲ್‌ನಂಥ ದೈತ್ಯ ಸಂಸ್ಥೆಯೇ 2023ರ ಜುಲೈನಲ್ಲಿ ತನ್ನ ಎನ್‌ಯುಸಿ ಪುಟ್ಟ ಕಂಪ್ಯೂಟರ್‌ಗಳ ಕೆಲಸ ಕೈಬಿಟ್ಟು, ಅದನ್ನು ಮುಂದುವರಿಸುವ ಹೊಣೆ ಏಸಸ್‌ಗೆ ವಹಿಸಿತು.

3. ಎಲ್ಲ ಜೋಡಿಸಿದಾಗ ಪವರ್ ಸಪ್ಲೈ ತಡೆಯುತ್ತದೆಯೇ? ಎಷ್ಟು ವಾಟ್ ಎಂದು ಬರೆಸಿಕೊಳ್ಳಿ.

4. ತಾಂತ್ರಿಕ ಕೈಪಿಡಿ ಬಹಿರಂಗವಾಗಿದೆಯೇ, ಡ್ರೈವರ್‌ಗಳು ಎಷ್ಟು ವರ್ಷ ಸಿಗುತ್ತವೆ? ಹೊರಗಿನವರು ಬಿಡಿಭಾಗ ಮಾಡಬೇಕಾದರೆ, ತಾಲೂಕಿನ ಮೆಕ್ಯಾನಿಕ್ ರಿಪೇರಿ ಮಾಡಬೇಕಾದರೆ ಇದು ಬೇಕೇ ಬೇಕು.

5. ಬೇಕಾದ ಎಲ್ಲ ಬಿಡಿಭಾಗ ಸೇರಿಸಿದ ಮೇಲಿನ ಒಟ್ಟು ಬೆಲೆ ಎಷ್ಟು? 669 ಡಾಲರ್ ನೋಡಿ ಹೋದವರು 1,269 ಕೊಟ್ಟು, ಅದರ ಮೇಲೆ ಸೈಡ್‌ಕಾರ್ ಕೊಂಡರು. ಹೋಲಿಸಬೇಕಾದದ್ದು ಪೆಟ್ಟಿಗೆಯ ಬೆಲೆಯನ್ನಲ್ಲ, ಪೂರ್ತಿ ಯಂತ್ರದ ಬೆಲೆಯನ್ನು.

ಇದರರ್ಥ ಬೆಸೆದ ಮೆಮೊರಿಯ ಯಂತ್ರ ಕೊಳ್ಳಲೇಬಾರದು ಅಂತಲ್ಲ. ಬರೀ ಬ್ರೌಸರ್, ಪಾಠದ ವಿಡಿಯೋ, ಟೈಪಿಂಗ್ ಇಷ್ಟೇ ಸಾಕು ಅನ್ನುವಲ್ಲಿ ಬಿಗಿಯಾದ ಪುಟ್ಟ ಪೆಟ್ಟಿಗೆಯೇ ಒಳ್ಳೆಯದು. ಕೆಡುವ ಭಾಗ ಕಡಿಮೆ, ಕರೆಂಟ್ ಖರ್ಚೂ ಕಡಿಮೆ. ಆದರೆ ಆಗ ಐದು ವರ್ಷಕ್ಕೆ ಬೇಕಾಗುವಷ್ಟು ಮೆಮೊರಿಯನ್ನು ಮೊದಲ ದಿನವೇ ಕೊಳ್ಳಬೇಕು. ಇವತ್ತು 4 ಜಿಬಿ ತಗೊಂಡು ನಾಳೆ ನೋಡೋಣ ಅನ್ನುವಂತಿಲ್ಲ.

ಕಾಯುವುದರಲ್ಲಿ ತಪ್ಪಿಲ್ಲ. ಹೊಸ ಯಂತ್ರದ ಸುದ್ದಿ ಕೇಳಿ ಹಿಗ್ಗುವುದರಲ್ಲೂ ತಪ್ಪಿಲ್ಲ. ಖರೀದಿ ನಿರ್ಧಾರ ಮಾತ್ರ ಯಂತ್ರ ಇವತ್ತು ಏನು ಮಾಡುತ್ತದೆ ಎಂಬುದರ ಮೇಲೆ ನಿಲ್ಲಲಿ. ಆಮೇಲೆ ಸೇರಿಸಬಹುದಾದ್ದಕ್ಕೆ ಇವತ್ತೇ ಬೆಲೆ ಕಟ್ಟುವುದಾದರೆ, ಅದನ್ನು ಸೇರಿಸುವ ಸಂದು ಇವತ್ತೇ ಕಣ್ಣಿಗೆ ಕಾಣಬೇಕು.